ನ್ಯಾನೊ ಲೇಪನದ ನಂತರವೂ ಪರದೆ ಮಂಕಾಗಿದ್ದರೆ: ದೋಷ ಪತ್ತೆ ಮತ್ತು ನಿವಾರಣೆ

ಟಿವಿ, ಕಂಪ್ಯೂಟರ್‌ನಂಥವುಗಳ ಪರದೆ ಹೆಚ್ಚು ಬೆಳಗಲೆಂದು ಅದರ ಗಾಜನ್ನು ತೊಳೆದು, ನ್ಯಾನೊ ಕಣಗಳ ಲೇಪನ ಬಳಿದು, ಒಣಗಿಸಿ, ಪರದೆಗೆ ಜೋಡಿಸಿ ಆಗಿರುತ್ತದೆ. ಸ್ವಿಚ್ ಒತ್ತಿದರೆ ಪರದೆ ಮೊದಲಿನಷ್ಟೇ ಮಂಕು, ಕೆಲವೊಮ್ಮೆ ಮೊದಲಿಗಿಂತಲೂ ಮಂಕು. ಆಗ ಹೆಚ್ಚಿನವರ ಕೈ ನೇರವಾಗಿ ಹೋಗುವುದು ಲೇಪನದ ಬಾಟಲಿಗೆ. ಇನ್ನೊಂದು ಪದರ ಬಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೆಯ ಪದರ ಬಿದ್ದಿತೆಂದರೆ ಮೊದಲನೆಯದರಲ್ಲಿ ಏನು ತಪ್ಪಿತ್ತು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಲೇಪನ ಬೆಳಕನ್ನು ಹುಟ್ಟಿಸುವುದಿಲ್ಲ. ಪರದೆಯೊಳಗೆ ಹುಟ್ಟಿದ ಬೆಳಕು ಹೊರಬರುವ ದಾರಿಯಲ್ಲಿ ಹತ್ತಾರು ಕಡೆ ಸೋರುತ್ತದೆ; ಲೇಪನ ಆ ಸೋರಿಕೆಗಳಲ್ಲಿ ಒಂದನ್ನು ಮುಚ್ಚುತ್ತದೆ, ಅಷ್ಟೇ. ಆದ್ದರಿಂದ ಇಲ್ಲಿ ದೋಷ ಹುಡುಕುವುದೆಂದರೆ ಬೆಳಕು ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕುವುದು. ಈ ಕೈಪಿಡಿಯಲ್ಲಿ ನಾನು ಅನುಸರಿಸಿರುವುದು ಇದೊಂದೇ ದಾರಿ.

ಮೊದಲು ದೋಷ ಇದೆಯೇ ಎಂದು ನೋಡಿ

ಕಣ್ಣಳತೆಯನ್ನು ನಂಬಬೇಡಿ. ಪರದೆಯ ಪ್ರಕಾಶ ಅಳೆಯುವ ಲ್ಯೂಮಿನೆನ್ಸ್ ಮೀಟರ್ ಬೇಕು, ಪೂರ್ತಿ ಕತ್ತಲಾದ ಕೋಣೆ ಬೇಕು. ಪರದೆಯ ತಾನೇತಾನಾಗಿ ಪ್ರಕಾಶ ಹೊಂದಿಸುವ ಸೌಲಭ್ಯವನ್ನೂ ಚಿತ್ರಕ್ಕೆ ತಕ್ಕಂತೆ ಹಿಂಬದಿಯ ದೀಪವಾದ ಬ್ಯಾಕ್‌ಲೈಟ್ ಏರಿಳಿಸುವ ಸೌಲಭ್ಯವನ್ನೂ ಆರಿಸಿ. ಬಿಳಿ ಚಿತ್ರವನ್ನು ತುಂಬಿಸಿ ಅರ್ಧ ಗಂಟೆ ಬಿಡಿ. ಎಲ್‌ಇಡಿಗಳು ಬಿಸಿಯಾಗುತ್ತ ಹೋದಂತೆ ಅವುಗಳ ಬೆಳಕು ಇಳಿಯುತ್ತದೆ. ಲೇಪನಕ್ಕೆ ಮುಂಚೆ ತಣ್ಣಗಿದ್ದಾಗ ಅಳೆದು, ನಂತರ ಬಿಸಿಯಾದಾಗ ಅಳೆದರೆ ಒಳ್ಳೆಯ ಲೇಪನವೂ ಕೆಟ್ಟದ್ದೆಂದೇ ಕಾಣುತ್ತದೆ. ಈ ಒಂದು ತಪ್ಪಿನಿಂದ ಚೆನ್ನಾಗಿದ್ದ ಲೇಪನವನ್ನು ಉಜ್ಜಿ ತೆಗೆದವರನ್ನು ನಾನು ನೋಡಿದ್ದೇನೆ.

ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಅರ್ಧ ಪರದೆಯ ಪರೀಕ್ಷೆ. ಅರ್ಧ ಭಾಗಕ್ಕೆ ಟೇಪ್ ಅಂಟಿಸಿ ಉಳಿದರ್ಧಕ್ಕೆ ಮಾತ್ರ ಲೇಪಿಸಿ. ಎರಡೂ ಭಾಗಗಳನ್ನು ಲೇಪನಕ್ಕೆ ಮುಂಚೆಯೂ ಅಳೆದಿಟ್ಟುಕೊಂಡಿರಬೇಕು, ಏಕೆಂದರೆ ಹೊಸ ಪರದೆಯಲ್ಲೂ ಎಡಕ್ಕೂ ಬಲಕ್ಕೂ ಶೇಕಡಾ ಹತ್ತರಷ್ಟು ವ್ಯತ್ಯಾಸ ಇರುವುದು ಸಾಮಾನ್ಯ. ನೀವು ಹುಡುಕುತ್ತಿರುವ ಲಾಭ ಅದಕ್ಕಿಂತ ಚಿಕ್ಕದು.

ಎಷ್ಟು ಚಿಕ್ಕದು? ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.5 ಇರುವ ಗಾಜು ಗಾಳಿಯನ್ನು ಮುಟ್ಟುವ ಪ್ರತಿಯೊಂದು ಮೈಯಲ್ಲೂ ಸುಮಾರು ಶೇಕಡಾ 4ರಷ್ಟು ಬೆಳಕು ಹಿಂದಿರುಗುತ್ತದೆ. ಹೊರಮೈಗೆ ಪ್ರತಿಫಲನ ತಡೆಯುವ ಲೇಪನವನ್ನು ಅಚ್ಚುಕಟ್ಟಾಗಿ ಬಳಿದರೆ 300 ನಿಟ್ (ನಿಟ್ ಎಂದರೆ ಪರದೆಯ ಪ್ರಕಾಶದ ಅಳತೆ) ಇದ್ದ ಪರದೆ ಸುಮಾರು 312 ನಿಟ್ ಆಗುತ್ತದೆ. ಅದಕ್ಕಿಂತ ಹೆಚ್ಚು ಸಿಗಲು ಅಲ್ಲಿ ಬೆಳಕೇ ಇಲ್ಲ. ಈ ಹನ್ನೆರಡು ನಿಟ್ ಅನ್ನು ಅಕ್ಕಪಕ್ಕದಲ್ಲಿಟ್ಟು ನೋಡದಿದ್ದರೆ ಕಣ್ಣು ಗುರುತಿಸುವುದಿಲ್ಲ.

ಹಾಗಾದರೆ ಇಷ್ಟೆಲ್ಲ ಶ್ರಮ ಏಕೆ? ದೀಪ ಹಚ್ಚಿ ನೋಡಿ, ಉತ್ತರ ಸಿಗುತ್ತದೆ. 3000 ನಿಟ್ ಬೆಳಗುವ ಕಿಟಕಿಯೊಂದು ಲೇಪನವಿಲ್ಲದ ಪರದೆಯಲ್ಲಿ ಪ್ರತಿಬಿಂಬಿಸಿದರೆ ಅದರ ಶೇಕಡಾ 4, ಅಂದರೆ 120 ನಿಟ್, ಚಿತ್ರದ ಮೇಲೆ ಬಂದು ಕೂರುತ್ತದೆ. ಪರದೆಯ ಕಪ್ಪು 0.3 ನಿಟ್ ಇದ್ದರೂ ಅದು ಬೂದಿಯಾಗುತ್ತದೆ. ಬಿಳಿಗೂ ಕಪ್ಪಿಗೂ ಇರುವ ಅನುಪಾತ ಬರೀ 3.5ಕ್ಕೆ ಕುಸಿಯುತ್ತದೆ. ಪ್ರತಿಫಲನವನ್ನು ಶೇಕಡಾ 0.5ಕ್ಕೆ ಇಳಿಸಿದರೆ ಅದೇ ಕಿಟಕಿ 15 ನಿಟ್ ಮಾತ್ರ ಸೇರಿಸುತ್ತದೆ, ಅನುಪಾತ 21ಕ್ಕೆ ಏರುತ್ತದೆ. ನೋಡುವವರು ಪರದೆ ಬೆಳಗಿತು ಎನ್ನುವುದು ಇದಕ್ಕೇ.

ಕತ್ತಲೆಯಲ್ಲಿ ಶೇಕಡಾ 3 ಅಥವಾ 4ರಷ್ಟು ಏರಿಕೆ ಇದ್ದು, ಬೆಳಕಿನಲ್ಲಿ ಪ್ರತಿಬಿಂಬ ಸ್ಪಷ್ಟವಾಗಿ ತಗ್ಗಿದ್ದರೆ ನಿಮ್ಮ ಲೇಪನ ಸರಿಯಾಗಿದೆ. ಕೊರತೆ ಬೇರೆಡೆ ಇದೆ, ಅದನ್ನು ಕೊನೆಯಲ್ಲಿ ಹೇಳಿದ್ದೇನೆ. ಕತ್ತಲೆಯಲ್ಲಿ ಏರಿಕೆ ಇಲ್ಲದೆ ಪ್ರತಿಬಿಂಬವೂ ತಗ್ಗದಿದ್ದರೆ ದಪ್ಪವೋ ಸೂಚ್ಯಂಕವೋ ತಪ್ಪಿದೆ. ಕತ್ತಲೆಯಲ್ಲಿ ಪ್ರಕಾಶ ಇಳಿದೇ ಹೋಗಿದ್ದರೆ ಕಣಗಳು ಬೆಳಕನ್ನು ಚದುರಿಸುತ್ತಿವೆ ಅಥವಾ ನುಂಗುತ್ತಿವೆ.

ಪ್ರತಿಬಿಂಬದ ಬಣ್ಣವನ್ನು ಓದಿ

ಲೇಪಿಸಿದ ಗಾಜಿನ ಹಿಂದೆ ಕಪ್ಪು ಟೇಪ್ ಅಂಟಿಸಿ. ಹಿಂಬದಿಯ ಪ್ರತಿಫಲನ ಸತ್ತು, ಲೇಪನದ ಪ್ರತಿಫಲನ ಮಾತ್ರ ಉಳಿಯುತ್ತದೆ. ಬಿಳಿ ಬೆಳಕಿನ ಕೆಳಗೆ ನೇರವಾಗಿ ಬಗ್ಗಿ ನೋಡಿ. ಮಂದವಾದ ನೇರಳೆ ಕಂಡರೆ ದಪ್ಪ ಸರಿ: ಕಣ್ಣಿಗೆ ಅತಿ ಮುಖ್ಯವಾದ 550 ನ್ಯಾನೊಮೀಟರ್ ಆಸುಪಾಸಿನ ಹಸಿರು ಹಿಂದಿರುಗದೆ, ತುದಿಗಳಲ್ಲಿರುವ ನೀಲಿ ಮತ್ತು ಕೆಂಪು ಮಾತ್ರ ಸ್ವಲ್ಪ ಹಿಂದಿರುಗುತ್ತಿವೆ. ಕಂದು ಅಥವಾ ಕಾವಿ ಛಾಯೆ ಇದ್ದರೆ ಪದರ ತೆಳುವಾಗಿದೆ. ನೀಲಿ ಎದ್ದು ಕಂಡರೆ ದಪ್ಪವಾಗಿದೆ. ಓರೆಯಾಗಿ ನೋಡಿದಾಗ ಬಣ್ಣ ಕೆಂಪಿನ ಕಡೆ ವಾಲುವುದು ಸಹಜ, ಅದನ್ನು ದೋಷವೆಂದು ಎಣಿಸಬೇಡಿ.

ಸೂಚ್ಯಂಕ 1.25 ಇರುವ ರಂಧ್ರಮಯ ಸಿಲಿಕಾ ಪದರಕ್ಕೆ ಬೇಕಾದ ದಪ್ಪ 110 ನ್ಯಾನೊಮೀಟರ್. ತರಂಗಾಂತರವನ್ನು ಸೂಚ್ಯಂಕದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಬರುವ ಲೆಕ್ಕ; ಇದಕ್ಕೆ ಕಾಲು ತರಂಗ ದಪ್ಪ ಎನ್ನುತ್ತಾರೆ. ಗಾಜನ್ನು ದ್ರಾವಣದಲ್ಲಿ ಅದ್ದಿ ಎತ್ತುವ ವಿಧಾನದಲ್ಲಿ ದಪ್ಪವನ್ನು ಶೇಕಡಾ 10ರಷ್ಟು ಏರಿಸಬೇಕೆಂದರೆ ಎತ್ತುವ ವೇಗವನ್ನು ಸುಮಾರು ಶೇಕಡಾ 15ರಷ್ಟು ಏರಿಸಿ. ತೀರಾ ನಿಧಾನವಾಗಿ ಎತ್ತುವಾಗ ಈ ನಿಯಮ ನಿಲ್ಲುವುದಿಲ್ಲ. ತಿರುಗಿಸಿ ಹರಡುವ ಸ್ಪಿನ್ ಕೋಟಿಂಗ್‌ನಲ್ಲಾದರೆ ಅಷ್ಟೇ ಏರಿಕೆಗೆ ತಿರುಗುವ ವೇಗವನ್ನು ಸುಮಾರು ಶೇಕಡಾ 17ರಷ್ಟು ಇಳಿಸಬೇಕು.

ಬಣ್ಣ ನೇರಳೆಯೇ ಇದೆ, ಆದರೆ ಪ್ರತಿಬಿಂಬ ಮಂದವಾಗಿಲ್ಲ. ನನ್ನ ಅನುಭವದಲ್ಲಿ ಜನ ಹೆಚ್ಚು ತಡಕಾಡುವುದು ಇಲ್ಲೇ. ಇಲ್ಲಿ ದಪ್ಪ ಸರಿಯಿದ್ದು ಸೂಚ್ಯಂಕ ತಪ್ಪಿರುತ್ತದೆ. ಒಂದೇ ಪದರದ ಲೇಪನದ ಸೂಚ್ಯಂಕ ಗಾಜಿನ ಸೂಚ್ಯಂಕದ ವರ್ಗಮೂಲಕ್ಕೆ ಹತ್ತಿರವಿರಬೇಕು. 1.52ರ ಗಾಜಿಗೆ ಅದು 1.23. ಅಷ್ಟು ಕಡಿಮೆ ಸೂಚ್ಯಂಕದ ಗಟ್ಟಿ ವಸ್ತು ಬಳಕೆಯಲ್ಲಿಲ್ಲ. ಹಳೆಯ ಕಾಲದಿಂದ ಬಳಸುತ್ತಿರುವ ಮೆಗ್ನೀಸಿಯಂ ಫ್ಲೋರೈಡ್ ಕೂಡ 1.38ಕ್ಕೆ ನಿಂತು, ಶೇಕಡಾ 1.3ರಷ್ಟು ಪ್ರತಿಫಲನ ಉಳಿಸುತ್ತದೆ. ನ್ಯಾನೊ ಕಣಗಳು ಬೇಕಾಗುವುದು ಇದಕ್ಕಾಗಿ. ಕಣಗಳ ನಡುವೆ ಮತ್ತು ಪೊಳ್ಳು ಕಣಗಳ ಒಳಗೆ ಗಾಳಿ ಸಿಕ್ಕಿಕೊಂಡು, ಅರ್ಧ ಸಿಲಿಕಾ ಅರ್ಧ ಗಾಳಿಯ ಪದರ 1.25ರಂತೆ ವರ್ತಿಸುತ್ತದೆ. ಗಾಳಿಯೇ ಇಲ್ಲಿ ಮುಖ್ಯ ಕಚ್ಚಾವಸ್ತು. ಲೇಪನ ಗಟ್ಟಿಯಾಗಲೆಂದು ಬೈಂಡರ್, ಅಂದರೆ ಕಣಗಳನ್ನು ಬೆಸೆಯುವ ಅಂಟು, ಹೆಚ್ಚು ಸುರಿದರೆ ಅದು ಹೋಗಿ ಗಾಳಿಯ ಜಾಗದಲ್ಲಿ ಕೂರುತ್ತದೆ. ರಂಧ್ರವೆಲ್ಲ ತುಂಬಿದ ಸಿಲಿಕಾ ಪದರದ ಸೂಚ್ಯಂಕ 1.46, ಪ್ರತಿಫಲನ ಶೇಕಡಾ 2.8ರಲ್ಲೇ ನಿಲ್ಲುತ್ತದೆ. ಬೈಂಡರ್ ಅನ್ನು ಹಂತಹಂತವಾಗಿ ಇಳಿಸುತ್ತ, ಪ್ರತಿ ಹಂತದಲ್ಲೂ ಟೇಪ್ ಅಂಟಿಸಿ ಕೀಳುವ ಪರೀಕ್ಷೆ ಮಾಡಿ, ಲೇಪನ ಕಿತ್ತುಬರುವ ಹಂತಕ್ಕೆ ಒಂದು ಮೆಟ್ಟಿಲು ಮೇಲೆ ನಿಲ್ಲಿ.

1886ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ಗಮನಿಸಿದ್ದೂ ಇದನ್ನೇ: ಕಾಲ ಕಳೆದು ಮೇಲ್ಮೈ ಮಾಸಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ದಾಟಿಸುತ್ತಿತ್ತು. ಮಾಸಿದ ಪದರದ ಸೂಚ್ಯಂಕ ಗಾಜಿಗಿಂತ ಕಡಿಮೆ ಇತ್ತು.

ತಪ್ಪು ಜಾಗದಲ್ಲಿ ತಪ್ಪು ಕಣ ಬಳಸಿದ್ದರೆ ಪ್ರತಿಬಿಂಬ ತಗ್ಗುವ ಬದಲು ಏರಿರುತ್ತದೆ. ಟೈಟಾನಿಯಂ ಡೈಆಕ್ಸೈಡ್ ಕಣಗಳು ಪರದೆಯ ಬೆಳಕು ಹೆಚ್ಚಿಸುತ್ತವೆ ಎಂದು ಓದಿ, ಅದನ್ನು ಹೊರಮೈಗೆ ಬಳಿಯುವವರಿದ್ದಾರೆ. ಓದಿದ್ದು ಸುಳ್ಳಲ್ಲ, ಜಾಗ ಮಾತ್ರ ಬೇರೆ. ಒಎಲ್‌ಇಡಿಯಲ್ಲಿ (ಹಿಂಬದಿಯ ದೀಪವಿಲ್ಲದೆ ತಾನೇ ಬೆಳಗುವ ಪರದೆಯಲ್ಲಿ) ಹುಟ್ಟಿದ ಬೆಳಕಿನಲ್ಲಿ ಸುಮಾರು ಐದನೇ ಒಂದು ಭಾಗ ಮಾತ್ರ ತಾನಾಗಿ ಹೊರಬರುತ್ತದೆ. ಉಳಿದದ್ದು ಒಳಪದರಗಳಲ್ಲೇ ಸಿಕ್ಕಿಬಿದ್ದು ಅಡ್ಡಡ್ಡ ಓಡುತ್ತದೆ. ಅದನ್ನು ದಿಕ್ಕು ತಪ್ಪಿಸಿ ಹೊರಗೆಳೆಯಲು ಹೆಚ್ಚು ಸೂಚ್ಯಂಕದ ಟೈಟಾನಿಯಂ ಅಥವಾ ಜಿರ್ಕೋನಿಯಂ ಡೈಆಕ್ಸೈಡ್ ಕಣಗಳನ್ನು ಒಳಪದರಗಳಲ್ಲಿ ಬಳಸುತ್ತಾರೆ. ಅದೇ ಕಣಗಳಿಂದ 1.9 ಸೂಚ್ಯಂಕದ ಕಾಲು ತರಂಗ ದಪ್ಪದ ಪದರವನ್ನು ಹೊರಗಾಜಿಗೆ ಬಳಿದರೆ ಪ್ರತಿಫಲನ ಶೇಕಡಾ 17ರ ಹತ್ತಿರ ಹೋಗುತ್ತದೆ. ಕೈಯಾರೆ ಕನ್ನಡಿ ಮಾಡಿದಂತೆ. ಅದರ ಮೇಲೆ ಸರಿಯಾದ ದಪ್ಪದಲ್ಲಿ ಕಡಿಮೆ ಸೂಚ್ಯಂಕದ ಪದರ ಬಂದರೆ ಮಾತ್ರ ಹೊರಮೈಯಲ್ಲಿ ಟೈಟಾನಿಯಂಗೆ ಕೆಲಸವಿದೆ.

ಹಾಲುಬಿಳುಪಾದ ಮಬ್ಬು

ಪ್ರಕಾಶ ಇಳಿದು, ಕಪ್ಪು ಬಣ್ಣ ಬೂದಿಯಾಗಿ, ಪರದೆಯ ಮೇಲೆ ತೆಳ್ಳನೆ ಮಂಜು ಕವಿದಂತೆ ಕಂಡರೆ ಕಣಗಳು ಗಂಟು ಕಟ್ಟಿವೆ ಎಂದು ಶಂಕಿಸಿ. ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಒಂದು ಕಣ ಚದುರಿಸುವ ಬೆಳಕು ಅದರ ವ್ಯಾಸದ ಆರನೇ ಘಾತದಂತೆ ಏರುತ್ತದೆ. 50 ನ್ಯಾನೊಮೀಟರ್ ಕಣಕ್ಕಿಂತ 100 ನ್ಯಾನೊಮೀಟರ್ ಕಣ 64 ಪಟ್ಟು ಹೆಚ್ಚು ಚದುರಿಸುತ್ತದೆ. ಎಂಟು ಚಿಕ್ಕ ಕಣಗಳು ಒಂದಾಗಿ ಒಂದು ದೊಡ್ಡ ಕಣವಾದರೆ, ವಸ್ತುವಿನ ತೂಕ ಅಷ್ಟೇ ಇದ್ದೂ ಮಬ್ಬು ಎಂಟು ಪಟ್ಟಾಗುತ್ತದೆ. ಆದ್ದರಿಂದ ದ್ರಾವಣದಲ್ಲಿರುವ ಕಣಗಳ ಸರಾಸರಿ ಗಾತ್ರ ಒಳ್ಳೆಯದಿದೆ ಎಂಬ ಪ್ರಮಾಣಪತ್ರ ಸಾಲದು. ಕೆಲವೇ ಕೆಲವು ಗಂಟುಗಳು ಸಾಕು, ಇಡೀ ಪದರ ಕೆಡಲು.

ಒಮ್ಮೆ ನಾನೇ ಇದರಲ್ಲಿ ಎರಡು ದಿನ ಕಳೆದಿದ್ದೇನೆ. ಮೇಜಿನ ಮೇಲೆ ಎರಡು ಸೀಸೆ: ಒಂದರಲ್ಲಿ ಸಿಲಿಕಾ, ಇನ್ನೊಂದರಲ್ಲಿ ಟೈಟಾನಿಯಂ ಡೈಆಕ್ಸೈಡ್. ಎರಡೂ ನೀರಿನಷ್ಟು ತಿಳಿ. ಮಧ್ಯಮ ಸೂಚ್ಯಂಕದ ಪದರ ಬೇಕಿತ್ತೆಂದು ಎರಡನ್ನೂ ಬೆರೆಸಿದೆ. ಬೆರೆಸಿದಾಗ ನೋಡಲು ಏನೂ ಆಗಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಸೀಸೆಯ ತಳದಲ್ಲಿ ಬೆರಳಿನಗಲ ಬಿಳಿ ಗಸಿ, ಮೇಲೆ ತೆಳು ಹಾಲಿನಂಥ ನೀರು. ಪಿಎಚ್ 4 ಇತ್ತು. ಸಿಲಿಕಾದ ಮೇಲ್ಮೈ ವಿದ್ಯುದಂಶ ಪಿಎಚ್ 2ರ ಸುಮಾರಿಗೆ ಶೂನ್ಯವಾಗುತ್ತದೆ, ಅದಕ್ಕಿಂತ ಮೇಲೆ ಋಣ. ಟೈಟಾನಿಯಂ ಡೈಆಕ್ಸೈಡ್‌ನದು 6ರ ಸುಮಾರಿಗೆ ಶೂನ್ಯ, ಅದಕ್ಕಿಂತ ಕೆಳಗೆ ಧನ. ಅಂದರೆ ಪಿಎಚ್ 4ರಲ್ಲಿ ಒಂದು ಧನ, ಒಂದು ಋಣ. ಎರಡೂ ಒಂದನ್ನೊಂದು ಎಳೆದುಕೊಂಡು ಅಂಟಿಕೊಂಡಿದ್ದವು. ಎರಡನ್ನೂ ಮೊದಲೇ ಪಿಎಚ್ 9ರ ಹತ್ತಿರಕ್ಕೆ ತಂದು, ಎರಡೂ ಋಣವಾಗಿರುವಾಗ ಬೆರೆಸಿದ್ದರೆ ಈ ಪಾಡು ಇರುತ್ತಿರಲಿಲ್ಲ. ಆಗಲೂ ಪಿಎಚ್ ಬದಲಿಸುವುದನ್ನು ಹನಿಹನಿಯಾಗಿ, ಕಲಕುತ್ತಲೇ ಮಾಡಬೇಕು, ಆದರೆ ಶೂನ್ಯದ ಬಿಂದುವಿನ ಬಳಿ ತಡೆಯದೆ ಬೇಗ ದಾಟಬೇಕು.

ಬಳಿಯುವ ಮುಂಚೆ ದ್ರಾವಣವನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಡ. ಕತ್ತಲೆಯಲ್ಲಿ ಸೀಸೆಯ ಮೂಲಕ ಲೇಸರ್ ಪಾಯಿಂಟರ್ ಹಾಯಿಸಿ, ಬದಿಯಿಂದ ನೋಡಿ. ಒಳ್ಳೆಯ ದ್ರಾವಣದಲ್ಲಿ ಕಿರಣದ ಗೆರೆ ನಯವಾಗಿ, ಒಂದೇ ಸಮನೆ, ಮಂದವಾಗಿ ಕಾಣುತ್ತದೆ. ಗಂಟುಗಳಿದ್ದರೆ ಗೆರೆಯೊಳಗೆ ಚುಕ್ಕೆಗಳು ಮಿಣುಕುತ್ತ ತೇಲುತ್ತವೆ. ಕಿರಣ ಕಣ್ಣಿಗೆ ನೇರವಾಗಿ ಬೀಳದಂತೆ, ಸೀಸೆಯಿಂದ ಪುಟಿದು ಬರುವ ಕಿರಣವೂ ಬೀಳದಂತೆ ಎಚ್ಚರವಹಿಸಿ. ಮಿಣುಕು ಕಂಡರೆ ಅಲ್ಟ್ರಾಸೌಂಡ್ ತೊಟ್ಟಿಯಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು, 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಮತ್ತೆ ನೋಡಿ. ಸೋಸಿ ಒಂದು ಗಂಟೆಯೊಳಗೆ ಮಿಣುಕು ಮರಳಿದರೆ ಆ ದ್ರಾವಣ ಕೆಟ್ಟಿದೆ. ಎಷ್ಟು ಸೋಸಿದರೂ ಅಷ್ಟೇ. ನಲ್ಲಿಯ ನೀರಿನಿಂದ ತೆಳುಮಾಡಿದ್ದೀರಾ ಎಂದು ಕೇಳಿಕೊಳ್ಳಿ. ನೀರಿನಲ್ಲಿರುವ ಲವಣಗಳು ಕಣಗಳನ್ನು ದೂರವಿಡುವ ವಿದ್ಯುದಂಶದ ಕವಚವನ್ನು ಕುಗ್ಗಿಸುತ್ತವೆ. ಅಯಾನು ತೆಗೆದ ನೀರನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿ.

ಸೀಸೆ ಚೆನ್ನಾಗಿದ್ದೂ ಗಾಜಿನ ಮೇಲೆ ಮಬ್ಬು ಬಂದರೆ ಒಣಗಿಸುವಾಗ ಕೆಟ್ಟಿದೆ. ಬಳಿದ ಮೊದಲ ನಿಮಿಷದಲ್ಲೇ ಬಿಳಿ ಹಬ್ಬಿತೇ ಎಂದು ಗಮನಿಸಿ. ಆಲ್ಕೊಹಾಲ್ ಬೇಗ ಆರುವಾಗ ಗಾಜಿನ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಆ ಹನಿಗಳ ಗುರುತು ಪದರದಲ್ಲಿ ಉಳಿದುಬಿಡುತ್ತದೆ. ಕೋಣೆಯ ಆರ್ದ್ರತೆಯನ್ನು ಶೇಕಡಾ 50ಕ್ಕಿಂತ ಕೆಳಗಿಳಿಸಿ, ನಿಧಾನವಾಗಿ ಆರುವ ದ್ರಾವಕವನ್ನು ಸ್ವಲ್ಪ ಬೆರೆಸಿ. ಅಂಚುಗಳಲ್ಲಿ ಮಾತ್ರ ಬಿಳಿ ಉಂಗುರ ಇದ್ದರೆ, ಹನಿ ಆರುವಾಗ ಕಣಗಳು ಅಂಚಿಗೆ ಹರಿದು ಗುಡ್ಡೆಯಾಗಿವೆ. ಅದಕ್ಕೂ ಇದೇ ಮದ್ದು.

ಮಬ್ಬು ಮೇಲ್ಮೈಯ ಒರಟಿನಿಂದ ಬಂದಿದೆಯೋ ಒಳಗಿನ ಗಂಟುಗಳಿಂದಲೋ ಎಂದು ತಿಳಿಯಲು ಪರೀಕ್ಷೆಯ ಗಾಜಿನ ತುಂಡಿನ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ ತೆಳು ಗಾಜು ಮುಚ್ಚಿ. ಗ್ಲಿಸರಿನ್ ಸೂಚ್ಯಂಕ 1.47, ಮೇಲ್ಮೈಯ ಒರಟು ಅದರಲ್ಲಿ ಮುಳುಗಿ ಮಾಯವಾಗುತ್ತದೆ, ಟೈಟಾನಿಯಂ ಗಂಟುಗಳು ಮಾಯವಾಗುವುದಿಲ್ಲ. ಸಿಲಿಕಾ ಗಂಟುಗಳೂ ಮಾಯವಾಗುವುದರಿಂದ ಬರೀ ಸಿಲಿಕಾ ಲೇಪನಕ್ಕೆ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಪರದೆಯ ಮೇಲೆ ಇದನ್ನು ಎಂದೂ ಮಾಡಬೇಡಿ.

ಬಣ್ಣ ಹಳದಿಗೆ ತಿರುಗಿದ್ದರೆ

ಕಣಗಳು ನೀಲಿಯನ್ನು ನುಂಗುತ್ತಿವೆ. ಬೆಳ್ಳಿಯ ನ್ಯಾನೊ ಕಣಗಳು 400ರಿಂದ 420 ನ್ಯಾನೊಮೀಟರ್ ಆಸುಪಾಸಿನಲ್ಲಿ ಗಟ್ಟಿಯಾಗಿ ಹೀರುತ್ತವೆ. ಅವು ಗಂಟು ಕಟ್ಟಿದರೆ ಹೀರಿಕೆ ಇನ್ನೂ ಆಚೆಗೆ ಹಬ್ಬಿ ಪರದೆಯ ನೀಲಿಯನ್ನೇ ತಿನ್ನುತ್ತದೆ. ಟೈಟಾನಿಯಂ ಡೈಆಕ್ಸೈಡ್ ಬಳಸಿದ ಲೇಪನ ತಿಂಗಳುಗಳ ನಂತರ ಹಳದಿಯಾದರೆ ತಪ್ಪು ಬೈಂಡರ್‌ನಲ್ಲಿ ಕಾಣಿಸಿದರೂ ಅದನ್ನು ಕೆಡಿಸಿದ್ದು ಕಣ. ಅತಿನೇರಳೆ ಬೆಳಕು ಬಿದ್ದಾಗ ಈ ಕಣ ಸುತ್ತಲಿನ ಸಾವಯವ ವಸ್ತುವನ್ನು ಒಡೆಯುತ್ತದೆ. ಸಿಲಿಕಾ ಅಥವಾ ಅಲ್ಯೂಮಿನಾ ಹೊದಿಕೆ ಇರುವ ಕಣಗಳನ್ನೇ ತರಿಸಿ. ನೀಲಿ ಬೆಳಕನ್ನು ಬೇರೆ ಬಣ್ಣಗಳಿಗೆ ಬದಲಿಸುವ ನ್ಯಾನೊ ಕಣಗಳ ಹಾಳೆ, ಅಂದರೆ ಕ್ವಾಂಟಂ ಡಾಟ್ ಹಾಳೆ, ಇರುವ ಪರದೆಯ ಅಂಚು ಹಳದಿಯ ಬದಲು ನೀಲಿಗೆ ತಿರುಗಿದ್ದರೆ, ಅಂಚಿನಿಂದ ಆಮ್ಲಜನಕವೂ ತೇವವೂ ನುಗ್ಗಿ ಅಲ್ಲಿನ ಕಣಗಳು ಸತ್ತಿವೆ. ಹಿಂದಿನ ನೀಲಿ ಎಲ್‌ಇಡಿಯ ಬೆಳಕು ಪರಿವರ್ತನೆಯಾಗದೆ ಹಾಗೇ ಬರುತ್ತಿದೆ. ಹಾಳೆಯನ್ನು ಬದಲಿಸುವುದೊಂದೇ ದಾರಿ.

ಮೊದಲು ಚೆನ್ನಾಗಿದ್ದು ಆಮೇಲೆ ಕೆಟ್ಟರೆ

ರಂಧ್ರಗಳು ತುಂಬಿಕೊಂಡಿವೆ. ಪರದೆ ಆರಿಸಿ, ಕಪ್ಪು ಮೈಯಲ್ಲಿ ಪ್ರತಿಬಿಂಬದ ನೇರಳೆಯನ್ನು ನೋಡುತ್ತ ಮೆಲ್ಲಗೆ ಉಸಿರು ಬಿಡಿ. ನೇರಳೆ ನೀಲಿಗೆ ಜಾರಿ, ಕೆಲವು ಕ್ಷಣಗಳಲ್ಲಿ ಮತ್ತೆ ನೇರಳೆಗೆ ಮರಳುತ್ತದೆ. ರಂಧ್ರಗಳಿಗೆ ನೀರಾವಿ ಹೊಕ್ಕು ಹೊರಟಿದ್ದು ಹಾಗೆ ಕಣ್ಣಿಗೆ ಕಾಣುವಾಗ ನನಗೆ ಇಂದಿಗೂ ಬೆರಗಾಗುತ್ತದೆ. ಲೆಕ್ಕ ಹೀಗಿದೆ: ಅರ್ಧ ಗಾಳಿಯಿದ್ದ 1.25ರ ಪದರದಲ್ಲಿ ಗಾಳಿಯ ಜಾಗಕ್ಕೆಲ್ಲ ನೀರು ತುಂಬಿದರೆ ಸೂಚ್ಯಂಕ 1.40 ಆಗಿ, ಪ್ರತಿಫಲನ ಶೇಕಡಾ 1.5ಕ್ಕೆ ಏರುತ್ತದೆ. ಬೆರಳಿನ ಜಿಡ್ಡು ತುಂಬಿದರೆ ಶೇಕಡಾ 2.9, ಲೇಪನ ಇದ್ದೂ ಇಲ್ಲದಂತೆ.

ಉಸಿರಿಗೆ ಬಣ್ಣ ಬದಲಾಗದ ಕಲೆಗಳಿದ್ದರೆ ಅಲ್ಲಿ ಜಿಡ್ಡು ಕೂತಿದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದ ಮೈಕ್ರೊಫೈಬರ್ ಬಟ್ಟೆಯನ್ನು ಕಲೆಯ ಮೇಲೆ ಅರ್ಧ ನಿಮಿಷ ಹಾಗೇ ಇಟ್ಟು, ಒತ್ತದೆ ಒಂದೇ ದಿಕ್ಕಿಗೆ ಎಳೆಯಿರಿ. ಮೇಲ್ಮೈಯನ್ನು ಒರೆಸಿದರೆ ಸಾಲದು, ಜಿಡ್ಡು ಕರಗಿ ರಂಧ್ರದಿಂದ ಹೊರಬರಲು ಸಮಯ ಬೇಕು. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಬೇಡ. ಇಡೀ ಪರದೆ ಒಂದೇ ಸಮನೆ ನೀಲಿಗೆ ಜಾರಿ ಅಲ್ಲೇ ನಿಂತಿದ್ದರೆ ತೇವ ಒಳಗೆ ಉಳಿದಿದೆ. 50 ಡಿಗ್ರಿ ಸೆಲ್ಸಿಯಸ್‌ನ ಒಣ ಗಾಳಿಯಲ್ಲಿ ಕೆಲವು ಗಂಟೆ ಇಟ್ಟು ನೋಡಿ. ಬಣ್ಣ ಮರಳಿ, ಒಂದು ವಾರದಲ್ಲಿ ಮತ್ತೆ ಜಾರಿದರೆ ತೆರೆದ ರಂಧ್ರಗಳ ಲೇಪನವನ್ನು ಬಿಟ್ಟು, ಮುಚ್ಚಿದ ಪೊಳ್ಳು ಸಿಲಿಕಾ ಕಣಗಳಿಗೆ ಬದಲಾಯಿಸಿ, ಮೇಲೆ ಜಿಡ್ಡು ಹತ್ತದ ತೆಳು ಹೊದಿಕೆ ಕೊಡಿ.

ಉಜ್ಜಿದಾಗ ಲೇಪನ ಪುಡಿಯಾಗಿ ಬಂದರೆ ಶಾಖ ಸಾಲದೆ ಹೋಗಿದೆ. ಸಿಲಿಕಾ ಲೇಪನ ಚೆನ್ನಾಗಿ ಬೆಸೆಯಲು 400 ಡಿಗ್ರಿಗೂ ಮೇಲಿನ ಶಾಖ ಬೇಕು, ಪರದೆಯಲ್ಲಿ ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸರ್ ಹಾಳೆ ಸುಮಾರು 80 ಡಿಗ್ರಿಗೇ ಸೋಲುತ್ತದೆ. ಆದ್ದರಿಂದ ಗಾಜನ್ನು ಜೋಡಿಸುವ ಮುಂಚೆಯೇ ಲೇಪಿಸಿ ಬೇಯಿಸಬೇಕು.

ಲೇಪನ ಸರಿಯಿದ್ದೂ ಬೆಳಕು ಸಾಲದಿದ್ದರೆ

ಹೊರಗಾಜಿಗೂ ಪರದೆಗೂ ನಡುವೆ ಗಾಳಿಯ ಸಂದು ಇದೆಯೇ ನೋಡಿ. ಇದ್ದರೆ ಅಲ್ಲಿ ಇನ್ನೂ ಎರಡು ಮೈಗಳು ಗಾಳಿಗೆ ತೆರೆದಿವೆ, ಶೇಕಡಾ 8ರ ಹತ್ತಿರ ಅಲ್ಲೇ ಹೋಗುತ್ತಿದೆ. ಹೊರಮೈಯ ಲೇಪನದಿಂದ ಸಿಗುವುದರ ಎರಡರಷ್ಟು. ಗಾಜಿಗೆ ಹತ್ತಿರದ ಸೂಚ್ಯಂಕವಿರುವ ಪಾರದರ್ಶಕ ಅಂಟಿನಿಂದ ಆ ಸಂದನ್ನು ತುಂಬುವುದು, ನನ್ನ ಮಟ್ಟಿಗೆ, ಯಾವ ನ್ಯಾನೊ ಲೇಪನಕ್ಕಿಂತಲೂ ಮೊದಲು ಮಾಡಬೇಕಾದ ಕೆಲಸ. ಎಲ್‌ಸಿಡಿಯಲ್ಲಂತೂ ಪೋಲರೈಸರ್ ಮತ್ತು ಬಣ್ಣದ ಫಿಲ್ಟರ್‌ಗಳನ್ನು ದಾಟಿ ಹೊರಬರುವುದು ಬ್ಯಾಕ್‌ಲೈಟ್‌ನ ಬೆಳಕಿನಲ್ಲಿ ಶೇಕಡಾ 5ರಿಂದ 10 ಮಾತ್ರ. ಬ್ಯಾಕ್‌ಲೈಟ್ ಹಳೆಯದಾಗಿ ಮಂಕಾಗಿದ್ದರೆ ಹೊರಮೈಯಲ್ಲಿ ಉಳಿಸುವ ಶೇಕಡಾ 4 ಅದನ್ನು ಮೇಲೆತ್ತಲಾರದು.

ಮುಂದಿನ ಸಲ ಲೇಪಿಸುವಾಗ ಪರದೆಯ ಗಾಜಿನ ಜೊತೆಗೇ ಅದೇ ದ್ರಾವಣದಲ್ಲಿ, ಅದೇ ವೇಗದಲ್ಲಿ ಒಂದು ಚಿಕ್ಕ ಗಾಜಿನ ಪಟ್ಟಿಯನ್ನೂ ಲೇಪಿಸಿ, ಅದರ ಹಿಂದೆ ಕಪ್ಪು ಟೇಪ್ ಅಂಟಿಸಿ, ದಿನಾಂಕ, ಪಿಎಚ್, ಆರ್ದ್ರತೆ ಬರೆದು ಧೂಳು ಬೀಳದ ಡಬ್ಬಿಯಲ್ಲಿಡಿ. ಆರು ತಿಂಗಳ ನಂತರ ಪರದೆ ಮಂಕಾಯಿತು ಎಂಬ ದೂರು ಬಂದಾಗ ಡಬ್ಬಿ ತೆರೆದು ಎರಡನ್ನೂ ಒಂದೇ ದೀಪದ ಕೆಳಗೆ ಹಿಡಿಯಿರಿ. ಪಟ್ಟಿಯೂ ಬಣ್ಣ ಬದಲಿಸಿದ್ದರೆ ದೋಷ ಲೇಪನದ್ದು. ಪಟ್ಟಿ ಇನ್ನೂ ನೇರಳೆಯಾಗಿದ್ದು ಪರದೆ ಮಾತ್ರ ನೀಲಿಯಾಗಿದ್ದರೆ, ಆಲ್ಕೊಹಾಲ್ ಸೀಸೆ ಮತ್ತು ಬಟ್ಟೆಯನ್ನು ತೆಗೆದುಕೊಳ್ಳಿ.